ಒಂದೇ ಕಾದಂಬರಿ, ಎರಡು ಲಿಪಿ

ಯುರೋಪಿನ ಹಳೆಯ ಕಾದಂಬರಿಗಳಲ್ಲಿ ಮುಂದೆ ಯಾವುದನ್ನು ಓದೋಣ? ಈ ಪ್ರಶ್ನೆಗೆ ಉತ್ತರ ಹೇಳುವವರಿಗೇನೂ ಬರವಿಲ್ಲ. ಓದಲೇಬೇಕಾದ ನೂರು ಪುಸ್ತಕಗಳು, ಸಾಯುವ ಮೊದಲು ಮುಗಿಸಬೇಕಾದ ಸಾವಿರ ಪುಸ್ತಕಗಳು ಎಂಬ ಪಟ್ಟಿಗಳು ಈಗ ವಾಟ್ಸಾಪಿನಲ್ಲೂ ಬಂದು ಬೀಳುತ್ತವೆ. ಪಟ್ಟಿಯಲ್ಲಿರುವ ಹೆಸರುಗಳೆಲ್ಲ ದೊಡ್ಡವೇ. ಆದರೆ ಅದನ್ನು ಸಿದ್ಧಪಡಿಸಿದವರಿಗೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡ ಮನೆಗಳ ಎರಡು ಸಂಗತಿಗಳು ಗೊತ್ತಿಲ್ಲ.

ಮೊದಲನೆಯದು ನಮ್ಮ ಓದು ನಡೆಯುವ ಜಾಗ. ಕಲ್ಯಾಣದಿಂದ ಸಿಎಸ್‌ಎಂಟಿಗೆ 50 ಕಿಲೋಮೀಟರಿಗೂ ಹೆಚ್ಚು ದೂರ. ಫಾಸ್ಟ್ ಲೋಕಲಿನಲ್ಲೂ ಅದು ಸುಮಾರು ಒಂದು ತಾಸಿನ ಹಾದಿ. ಬೆಳಗ್ಗೆ ಡೊಂಬಿವಲಿಯಲ್ಲಿ ಹತ್ತಿದವರಿಗೆ ಠಾಣೆ ದಾಟುವವರೆಗೆ ಕೈ ಮೇಲೆತ್ತಲೂ ಜಾಗವಿರುವುದಿಲ್ಲ. ಹಾಗಾಗಿ ನಮ್ಮ ಓದು ಇಪ್ಪತ್ತು ನಿಮಿಷ, ಅರ್ಧ ತಾಸಿನ ತುಂಡುಗಳಲ್ಲೇ ನಡೆಯಬೇಕು.

ಎರಡನೆಯದು ಮನೆಯೊಳಗಿನ ಲಿಪಿ. ಅಮ್ಮ ಕನ್ನಡ ಮಾಧ್ಯಮದಲ್ಲಿ ಓದಿದವರು. ತರಂಗ, ಸುಧಾ ಬಂದರೆ ಧಾರಾವಾಹಿಯ ಪುಟವನ್ನೇ ಮೊದಲು ತೆರೆಯುವವರು. ಮಗಳು ಮನೆಯಲ್ಲಿ ಚೆನ್ನಾಗಿಯೇ ಕನ್ನಡವನ್ನೋ ತುಳುವನ್ನೋ ಮಾತಾಡುತ್ತಾಳೆ, ಆದರೆ ಓದುವುದು ಇಂಗ್ಲಿಷ್ ಮತ್ತು ಶಾಲೆಯಲ್ಲಿ ಕಲಿತ ಮರಾಠಿ. ಮಾತು ಉಳಿದಿದೆ, ಅಕ್ಷರ ಅಮ್ಮನ ತಲೆಮಾರಿಗೇ ನಿಂತಿದೆ. ಅಮ್ಮ ಓದಿದ್ದನ್ನು ಮಗಳು ಓದಲಾರಳು, ಮಗಳ ಕಪಾಟಿನ ಪುಸ್ತಕ ಅಮ್ಮನಿಗೆ ದಕ್ಕುವುದಿಲ್ಲ. ಇಬ್ಬರೂ ಓದುಗರೇ ಆಗಿರುವ ಮನೆಯಲ್ಲಿ ಪುಸ್ತಕದ ಮಾತೇ ಬಾರದೆ ವರ್ಷಗಳು ಕಳೆಯುತ್ತವೆ.

ಹಾಗಾಗಿ ಮುಂದಿನ ಕಾದಂಬರಿಯನ್ನು ಆರಿಸುವಾಗ ಯಾವುದು ಹೆಚ್ಚು ಶ್ರೇಷ್ಠ ಎಂದು ತೂಗುವ ಬದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು: ಮನೆಯಲ್ಲಿ ಇನ್ನೊಬ್ಬರು ಇದೇ ಪುಸ್ತಕವನ್ನು ಬೇರೆ ಲಿಪಿಯಲ್ಲಿ ಓದಬಲ್ಲರೇ? ಟಾಲ್‌ಸ್ಟಾಯ್, ದಾಸ್ತೊಯೆವ್‌ಸ್ಕಿ ಇಲ್ಲಿ ಬಹಳ ಉಪಕಾರಿಗಳು. ಅವರ ಭಾಷೆ ಅಮ್ಮನದೂ ಅಲ್ಲ, ಮಗಳದೂ ಅಲ್ಲ. ಇಬ್ಬರೂ ಅನುವಾದದಲ್ಲೇ ಓದಬೇಕು, ಆದ್ದರಿಂದ ಯಾರೂ ಯಾರಿಗೂ ಪಾಠ ಹೇಳುವ ಎತ್ತರದಲ್ಲಿ ಇರುವುದಿಲ್ಲ.

ಕಾದಂಬರಿ ನಡೆದು ಬಂದ ದಾರಿ

ಯುರೋಪಿನ ಕಾದಂಬರಿ ಕನ್ನಡಿಗರಿಗೆ ಹೊರಗಿನದು ಎಂಬ ಸಂಕೋಚ ಬೇಡ. ಕನ್ನಡದಲ್ಲಿ ಕಾದಂಬರಿ ಎಂಬ ರೂಪ ಬೇರೂರಿದ್ದೇ ಅನುವಾದಗಳ ನೆರಳಿನಲ್ಲಿ. ಇಂಗ್ಲಿಷ್ ಕಾದಂಬರಿಗಳನ್ನು ಓದಿ ಬೆಳೆದ ಬಂಕಿಮಚಂದ್ರರ ಬಂಗಾಳಿ ಕೃತಿಗಳನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದರು. ಗಳಗನಾಥರು ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ತಂದರು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಮಂಗಳೂರಿನಲ್ಲಿ ಹೊರಬಂದದ್ದು 1899ರಲ್ಲಿ. ಅಂದರೆ ನಾವು ಇಂದು ನೆಲೆಸಿರುವ ಈ ಮರಾಠಿ ನೆಲವೇ ಒಂದು ಕಾಲದಲ್ಲಿ ಕಾದಂಬರಿಯನ್ನು ಕನ್ನಡಕ್ಕೆ ದಾಟಿಸಿದ ಕಟ್ಟೆಗಳಲ್ಲಿ ಒಂದು.

ಇನ್ನೊಂದು ಮಾತು. ಇಂದು ಇಟ್ಟಿಗೆಯಂತೆ ದಪ್ಪಗೆ ಕಾಣುವ ಈ ಕಾದಂಬರಿಗಳಲ್ಲಿ ಹೆಚ್ಚಿನವು ಮೊದಲು ಪತ್ರಿಕೆಗಳಲ್ಲಿ ಧಾರಾವಾಹಿಯಾಗಿಯೇ ಬಂದವು. ಚಾರ್ಲ್ಸ್ ಡಿಕನ್ಸ್‌ನ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' 1860ರ ಡಿಸೆಂಬರಿನಿಂದ 1861ರ ಆಗಸ್ಟ್‌ವರೆಗೆ 36 ವಾರದ ಕಂತುಗಳಲ್ಲಿ ಪ್ರಕಟವಾಯಿತು. 1866ರಲ್ಲಿ 'ರಷ್ಯನ್ ಮೆಸೆಂಜರ್' ಎಂಬ ಒಂದೇ ಮಾಸಿಕದಲ್ಲಿ ದಾಸ್ತೊಯೆವ್‌ಸ್ಕಿಯ 'ಅಪರಾಧ ಮತ್ತು ಶಿಕ್ಷೆ', ಟಾಲ್‌ಸ್ಟಾಯ್‌ಯ 'ಯುದ್ಧ ಮತ್ತು ಶಾಂತಿ'ಯ ಮೊದಲ ಭಾಗಗಳು ಎರಡೂ ಬರುತ್ತಿದ್ದವು. ಮುಂದಿನ ಸಂಚಿಕೆಗಾಗಿ ಕಾಯುವವರಿಗೆಂದು ಬರೆದದ್ದನ್ನು ಲೋಕಲ್ ರೈಲಿನಲ್ಲಿ ತುಂಡುತುಂಡಾಗಿ ಓದುವುದರಲ್ಲಿ ಅಪಚಾರವೇನೂ ಇಲ್ಲ.

ಮೊದಲ ಪುಸ್ತಕ: ಹಮ್ಮು ಬಿಮ್ಮು

ಮನೆಯಲ್ಲಿ ಇಬ್ಬರು ಸೇರಿ ಆರಂಭಿಸುವುದಾದರೆ ಜೇನ್ ಆಸ್ಟಿನ್‌ಳ 'ಪ್ರೈಡ್ ಆ್ಯಂಡ್ ಪ್ರೆಜುಡಿಸ್' ಒಳ್ಳೆಯ ಆಯ್ಕೆ. 1813ರ ಈ ಕಾದಂಬರಿಯನ್ನು ದೇ. ಜವರೇಗೌಡರು 'ಹಮ್ಮು ಬಿಮ್ಮು' ಎಂಬ ಸೊಗಸಾದ ಹೆಸರಿನಲ್ಲಿ ಕನ್ನಡಕ್ಕೆ ತಂದಿದ್ದಾರೆ. ಇದರಲ್ಲಿ 61 ಪುಟ್ಟ ಅಧ್ಯಾಯಗಳಿವೆ. ದಿನಕ್ಕೆರಡು ಎಂದಿಟ್ಟುಕೊಂಡರೆ ಒಂದು ತಿಂಗಳಲ್ಲಿ ಮುಗಿಯುತ್ತದೆ.

ಕತೆ ನಮಗೆ ಹೊಸದಲ್ಲ. ಬೆನೆಟ್ ದಂಪತಿಗೆ ಐವರು ಹೆಣ್ಣುಮಕ್ಕಳು. ಗಂಡುಮಕ್ಕಳಿಲ್ಲದ್ದರಿಂದ ಮನೆ, ಆಸ್ತಿ ಎಲ್ಲ ತಂದೆಯ ನಂತರ ದೂರದ ದಾಯಾದಿ ಕಾಲಿನ್ಸ್‌ನ ಪಾಲು. ತಾಯಿಗೆ ಮಕ್ಕಳ ಮದುವೆಯದೇ ಧ್ಯಾನ. ಅಳಿಯಸಂತಾನದ ಕುಟುಂಬಗಳಿಂದ ಬಂದ ಕರಾವಳಿಯ ಓದುಗರಿಗೆ ಇಲ್ಲೊಂದು ಸ್ವಾರಸ್ಯವಿದೆ. ಹೆಣ್ಣಿನ ಕಡೆಯಿಂದಲೇ ಆಸ್ತಿ ಇಳಿದುಬರುವ ಕಟ್ಟನ್ನು ಅಜ್ಜಿಯಂದಿರ ಬಾಯಲ್ಲಿ ಕೇಳಿದವರು, ಹೆಣ್ಣುಮಕ್ಕಳು ತಮ್ಮದೇ ಮನೆಯಿಂದ ಹೊರಬೀಳಬೇಕಾದ ಇಂಗ್ಲೆಂಡಿನ ಈ ಏರ್ಪಾಡನ್ನು ಇಂಗ್ಲಿಷರಿಗಿಂತ ಬೇಗ ಪ್ರಶ್ನಿಸಬಲ್ಲರು.

ಮನೆಯಲ್ಲಿ ಚರ್ಚೆ ಹುಟ್ಟಿಸುವ ಪಾತ್ರ ನಾಯಕಿ ಎಲಿಜಬೆತ್‌ಗಿಂತ ಹೆಚ್ಚಾಗಿ ಅವಳ ಗೆಳತಿ ಶಾರ್ಲಟ್. 27 ವರ್ಷದ, ರೂಪವೂ ಹಣವೂ ಇಲ್ಲದ ಶಾರ್ಲಟ್, ಎಲಿಜಬೆತ್ ತಿರಸ್ಕರಿಸಿದ ಪೆದ್ದ ಕಾಲಿನ್ಸ್‌ನನ್ನು ಕಣ್ಣು ತೆರೆದುಕೊಂಡೇ ಮದುವೆಯಾಗುತ್ತಾಳೆ. ಅವಳಿಗೆ ಬೇಕಾದದ್ದು ತನ್ನದೊಂದು ಮನೆ. ಅವಳು ಮಾಡಿದ್ದು ಸರಿಯೇ? ಇಪ್ಪತ್ತನಾಲ್ಕು ವರ್ಷದ ಮಗಳು, ಐವತ್ತೈದರ ಅಮ್ಮ ಈ ಪ್ರಶ್ನೆಗೆ ಒಂದೇ ಉತ್ತರ ಕೊಡುವುದು ಕಷ್ಟ. ಮದುವೆಯ ಮಾತೆತ್ತಿದರೆ ಎದ್ದು ಹೋಗುವ ಮಕ್ಕಳೊಡನೆ ಆ ಮಾತನ್ನು ಶಾರ್ಲಟ್‌ಳ ಹೆಸರಿನಲ್ಲಿ ಆಡಬಹುದು.

ಊರಿನಿಂದ ಬಂದ ಪತ್ರ

ಎರಡನೆಯದಾಗಿ 'ಅಪರಾಧ ಮತ್ತು ಶಿಕ್ಷೆ'. ಇದನ್ನು ಓ.ಎಲ್. ನಾಗಭೂಷಣ ಸ್ವಾಮಿಯವರು ಕನ್ನಡಕ್ಕೆ ತಂದಿದ್ದಾರೆ. ಕೊಲೆಯ ಕತೆ, ತತ್ತ್ವಜಿಜ್ಞಾಸೆಯ ಕತೆ ಎಂದೆಲ್ಲ ಇದರ ಬಗ್ಗೆ ಕೇಳಿರುತ್ತೇವೆ. ಆದರೆ ಇದು ಮೊದಲಿಗೆ, ಊರು ಬಿಟ್ಟು ನಗರಕ್ಕೆ ಓದಲು ಬಂದ ಬಡ ಹುಡುಗನ ಕತೆ. ರಸ್ಕೋಲ್ನಿಕೋವ್ ಪೀಟರ್ಸ್‌ಬರ್ಗಿನ ಒಂದು ಕಟ್ಟಡದ ಮಾಡಿನ ಕೆಳಗೆ, ಕಪಾಟಿನಷ್ಟೇ ಇಕ್ಕಟ್ಟಾದ ಖೋಲಿಯಲ್ಲಿ ಇದ್ದಾನೆ. ಬಾಡಿಗೆ ಬಾಕಿ. ಮನೆಯೊಡತಿಯ ಕಣ್ಣು ತಪ್ಪಿಸಿ ಮೆಟ್ಟಲಿಳಿಯುತ್ತಾನೆ.

ಕೊಲೆಗೆ ಮೊದಲೇ ಊರಿನಿಂದ ತಾಯಿಯ ಉದ್ದನೆಯ ಪತ್ರ ಬರುತ್ತದೆ. ತನ್ನ ಪಿಂಚಣಿಯ ಮೇಲೆ ಸಾಲ ತೆಗೆದು ಮಗನಿಗೆ ಹಣ ಕಳಿಸುತ್ತಿರುವ ಆ ತಾಯಿ, ತಂಗಿ ದುನ್ಯಾಳ ಮದುವೆ ಒಬ್ಬ ಅನುಕೂಲಸ್ಥನೊಡನೆ ಗೊತ್ತಾಗಿದೆ ಎಂದು ಬರೆಯುತ್ತಾಳೆ. ಈ ಮದುವೆ ತನ್ನ ಸಲುವಾಗಿಯೇ ಎಂಬುದು ಮಗನಿಗೆ ಸಾಲುಗಳ ನಡುವೆ ಅರ್ಥವಾಗುತ್ತದೆ. ಮುಂಬಯಿಯ ಹೊಟೇಲುಗಳಲ್ಲಿ ದುಡಿದು, ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತು, ಊರಿಗೆ ಮನಿಆರ್ಡರ್ ಕಳಿಸಿದ ತಲೆಮಾರು ನಮ್ಮದು. ಕ್ಷೇಮ ಸಮಾಚಾರದ ಸಾಲುಗಳ ಕೆಳಗೆ ಅಡಗಿರುವ ಭಾರ ಎಂಥದೆಂದು ಹಿರಿಯರಿಗೆ ವಿವರಿಸಬೇಕಾಗಿಲ್ಲ. ಕೊಲೆ ಯಾರು ಮಾಡಿದರು ಎಂಬುದು ಮೊದಲ ಭಾಗದಲ್ಲೇ ತಿಳಿದುಬಿಡುತ್ತದೆ. ಆಮೇಲಿನ ಐದು ಭಾಗಗಳಲ್ಲಿ ಅವನು ಅದನ್ನು ಹೊತ್ತುಕೊಂಡು ಹೇಗೆ ಓಡಾಡುತ್ತಾನೆ, ಯಾರ ಮುಂದೆ ಇಳಿಸುತ್ತಾನೆ ಎಂಬುದೇ ಕತೆ.

ರಷ್ಯನ್ ಕಾದಂಬರಿಗಳನ್ನು ಅರ್ಧಕ್ಕೆ ಬಿಟ್ಟವರು ಹೇಳುವ ಕಾರಣ ಸಾಮಾನ್ಯವಾಗಿ ಒಂದೇ: ಹೆಸರುಗಳ ಗೋಜಲು. ಮಹಾರಾಷ್ಟ್ರದಲ್ಲಿರುವ ನಮಗೆ ಇದು ಕಷ್ಟವಾಗಬಾರದು. ಇಲ್ಲಿನ ಶಾಲೆಯಲ್ಲಿ ಮಗುವಿನ ಹೆಸರು ಬರೆಸುವಾಗ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರನ್ನೂ ಕೇಳುತ್ತಾರೆ. ರಷ್ಯನ್ನರದೂ ಅದೇ ಕ್ರಮ. ರೋದಿಯೋನ್ ರೊಮಾನೊವಿಚ್ ರಸ್ಕೋಲ್ನಿಕೋವ್ ಎಂದರೆ ರಸ್ಕೋಲ್ನಿಕೋವ್ ಮನೆತನದ, ರೊಮಾನನ ಮಗ ರೋದಿಯೋನ್. ತಂಗಿ ಅವ್ದೋತ್ಯ ರೊಮಾನೊವ್ನ, ಅಂದರೆ ರೊಮಾನನ ಮಗಳು. ಮನೆಯವರು ಪ್ರೀತಿಯಿಂದ ಕರೆಯುವುದು ರೋದ್ಯ, ದುನ್ಯಾ. ನಮ್ಮಲ್ಲಿ ಜಯರಾಮ ಮನೆಯಲ್ಲಿ ಜಯ ಆದಂತೆ. ಪುಸ್ತಕದ ರಕ್ಷಾಪುಟದ ಒಳಗೆ ಹತ್ತು ಹೆಸರುಗಳನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡರೆ ಸಾಕು.

ರೈಲಿನ ಕಾದಂಬರಿ

ಮೂರನೆಯದು 'ಅನ್ನಾ ಕರೆನಿನಾ'. 1875ರಿಂದ 1877ರವರೆಗೆ ಧಾರಾವಾಹಿಯಾಗಿ ಬಂದ ಇದೂ ದೇಜಗೌ ಅವರ ಅನುವಾದದಲ್ಲಿ ಕನ್ನಡಕ್ಕೆ ಬಂದಿದೆ. ಪೀಟರ್ಸ್‌ಬರ್ಗ್–ಮಾಸ್ಕೋ ರೈಲು ಮಾರ್ಗ ತೆರೆದದ್ದು 1851ರಲ್ಲಿ. ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿದ್ದು 1853ರ ಏಪ್ರಿಲ್ 16ರಂದು, ಕಲ್ಯಾಣಕ್ಕೆ ಹಳಿ ಬಂದದ್ದು ಮರುವರ್ಷ. ರೈಲು ರಷ್ಯನ್ನರ ಬದುಕನ್ನೂ ಠಾಣೆ–ಕಲ್ಯಾಣದವರ ಬದುಕನ್ನೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೊಕ್ಕಿತು. ಈ ಕಾದಂಬರಿಯ ಮುಖ್ಯ ಭೇಟಿ ನಡೆಯುವುದು ರೈಲು ನಿಲ್ದಾಣದಲ್ಲಿ, ದುರಂತದ ನೆರಳು ಮೊದಲು ಬೀಳುವುದೂ ಅಲ್ಲೇ. ಹಳಿಯ ಮೇಲೆ ಒಬ್ಬ ಸತ್ತ ಸುದ್ದಿ ಕೇಳಿ ಪ್ಲಾಟ್‌ಫಾರಂ ಒಂದು ಕ್ಷಣ ಸ್ತಬ್ಧವಾಗಿ ಮತ್ತೆ ಓಡತೊಡಗುವುದನ್ನು ನೋಡಿದ ನಮಗೆ ಆ ಪುಟಗಳನ್ನು ಸುಮ್ಮನೆ ದಾಟಿ ಹೋಗಲು ಆಗುವುದಿಲ್ಲ.

ಇದರಲ್ಲಿ ಎರಡು ಕತೆಗಳು ಒಟ್ಟಿಗೆ ನಡೆಯುತ್ತವೆ. ಒಂದು, ಗಂಡನನ್ನು ಬಿಟ್ಟು ಪ್ರೀತಿಯ ಬೆನ್ನುಹತ್ತಿ ಸಮಾಜದಿಂದ ಹೊರಗಾದ ಅನ್ನಾಳದು. ಇನ್ನೊಂದು, ನಗರದ ನಯನಾಜೂಕು ಹಿಡಿಸದೆ ಹಳ್ಳಿಯ ಜಮೀನಿಗೆ ಮರಳಿ, ಆಳುಗಳ ಜತೆ ಸಾಲಿನಲ್ಲಿ ನಿಂತು ಹುಲ್ಲು ಕೊಯ್ಯುವ ಲೆವಿನ್‌ನದು. ಮಕ್ಕಳು ಅನ್ನಾಳ ಜತೆ ಹೋಗಬಹುದು. ಊರಿನಲ್ಲಿ ಹಡಿಲು ಬಿದ್ದ ಗದ್ದೆಯಿದ್ದು, ನಿವೃತ್ತಿಯ ಮೇಲೆ ಮರಳುವುದೋ ಬೇಡವೋ ಎಂದು ಹತ್ತು ವರ್ಷದಿಂದ ಲೆಕ್ಕ ಹಾಕುತ್ತಿರುವ ಅಪ್ಪಂದಿರು ಲೆವಿನ್‌ನ ಬೆನ್ನಿಗೆ ಬೀಳಬಹುದು. ಒಟ್ಟು ಎಂಟು ಭಾಗ, 239 ಅಧ್ಯಾಯ. ದಿನಕ್ಕೆ ಎರಡರಂತೆ ನಾಲ್ಕು ತಿಂಗಳು. 'ಯುದ್ಧ ಮತ್ತು ಶಾಂತಿ'ಯಲ್ಲಿ 361 ಅಧ್ಯಾಯಗಳಿವೆ. ಅದನ್ನು ದಿನಕ್ಕೊಂದರಂತೆ ಒಂದು ಇಡೀ ವರ್ಷಕ್ಕೆ ಮೀಸಲಿಡುವುದೇ ಸರಿ. ಅದಕ್ಕೆ ದೇಜಗೌ ಅವರದೂ ನಾಗಭೂಷಣ ಸ್ವಾಮಿಯವರದೂ ಎರಡು ಕನ್ನಡ ಅನುವಾದಗಳಿವೆ.

ಅಮ್ಮನ ಪುಸ್ತಕದಲ್ಲಿ ಮಾತ್ರ ಇರುವುದು

ಕನ್ನಡದ ಈ ಅನುವಾದಗಳು ಬಹುತೇಕ ಇಂಗ್ಲಿಷಿನ ಮೂಲಕ ಬಂದವು. ಹಾಗಾದರೆ ಕನ್ನಡದಲ್ಲಿ ಓದುವುದು ಎರಡನೇ ದರ್ಜೆಯ ಓದೇ? ಹಾಗೇನಿಲ್ಲ. ಒಂದು ಉದಾಹರಣೆ ನೋಡಿ. ರಷ್ಯನ್ ಭಾಷೆಯಲ್ಲಿ ನಮ್ಮಂತೆಯೇ 'ನೀನು', 'ನೀವು' ಎಂಬ ಭೇದವಿದೆ. ಯಾರು ಯಾರಿಗೆ ಯಾವಾಗ 'ನೀನು' ಎಂದರು ಎಂಬುದರಲ್ಲಿ ಸಲುಗೆ, ಕೋಪ, ತಿರಸ್ಕಾರ ಎಲ್ಲವೂ ಇರುತ್ತದೆ. ಇಂಗ್ಲಿಷಿಗೆ ಬಂದಾಗ ಎರಡೂ ಒಂದೇ 'ಯೂ' ಆಗಿಬಿಡುತ್ತವೆ. ಕನ್ನಡದ ಅನುವಾದಕರಿಗೆ ಹಾಗೆ ತಪ್ಪಿಸಿಕೊಳ್ಳಲು ಬರುವುದಿಲ್ಲ. ಪ್ರತಿ ಮಾತಿಗೂ ಸಂಬಂಧವನ್ನು ಅಳೆದು ಒಂದನ್ನು ಆರಿಸಲೇಬೇಕು. ಹೀಗಾಗಿ ಮಗಳ ಇಂಗ್ಲಿಷ್ ಪ್ರತಿಯಲ್ಲಿ ಕಾಣದ ಒಂದು ಸಂಗತಿ ಅಮ್ಮನ ಕನ್ನಡ ಪ್ರತಿಯಲ್ಲಿ ಪುಟಪುಟಕ್ಕೂ ಇದೆ. ಈ ಜಾಗದಲ್ಲಿ ಇವರು ಒಬ್ಬರಿಗೊಬ್ಬರು ಏನೆಂದು ಕರೆದುಕೊಳ್ಳುತ್ತಾರೆ ಎಂದು ಮಗಳು ಕೇಳಿದರೆ ಅಮ್ಮ ಪುಟ ತಿರುಗಿಸಿ ಹೇಳಬಲ್ಲರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಕನ್ನಡ ಅಕ್ಷರ ಕಲಿಯುವ ಮನಸ್ಸಾದರೆ ಅದು ಲಾಭ.

ಓದಿ ಹೇಳುವ ಕಾದಂಬರಿ

ಕನ್ನಡ ಪ್ರತಿ ಕೈಗೆ ಸಿಗದ ಪುಸ್ತಕಗಳಿಗೆ ನಮ್ಮಲ್ಲಿ ಹಳೆಯದೊಂದು ಉಪಾಯವಿದೆ. ಗಮಕದಲ್ಲಿ ಒಬ್ಬರು ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನಿಸುತ್ತಾರೆ. ತಾಳಮದ್ದಳೆಯಲ್ಲಿ ಪದ್ಯ ಮುಗಿದ ಮೇಲೆ ಅರ್ಥಧಾರಿಯ ಮಾತು. ಹಾಗೆಯೇ ಮನೆಯಲ್ಲಿ ಇಂಗ್ಲಿಷ್ ಓದುವವರು ಓದಿ, ರಾತ್ರಿ ಊಟದ ಹೊತ್ತಿಗೆ ಕನ್ನಡದಲ್ಲಿ ಕತೆ ಹೇಳಬಹುದು. ಇದಕ್ಕೆ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್'ಗಿಂತ ಒಳ್ಳೆಯ ಪುಸ್ತಕ ಕಷ್ಟ.

ಪಿಪ್ ಹಳ್ಳಿಯ ಹುಡುಗ, ಸಾಕಿದವನು ಅಕ್ಕನ ಗಂಡ ಜೋ, ಕಮ್ಮಾರ. ಯಾರದೋ ಗುಪ್ತ ಹಣದಿಂದ ಪಿಪ್ ಲಂಡನ್ನಿಗೆ ಹೋಗಿ ಸಾಹೇಬನಾಗುತ್ತಾನೆ. ಒಂದು ದಿನ ಜೋಭಾವ ಅವನನ್ನು ನೋಡಲು ಬರುತ್ತಾನೆ. ಟೊಪ್ಪಿಗೆ ಎಲ್ಲಿಡಬೇಕೆಂದು ತಿಳಿಯದೆ ಇಟ್ಟಲ್ಲಿಂದ ಅದು ಮತ್ತೆ ಮತ್ತೆ ಬೀಳುತ್ತದೆ. ತಾನೇ ಎತ್ತಿ ಆಡಿಸಿದ ಹುಡುಗನನ್ನು ಜೋ ನಡುನಡುವೆ 'ಸರ್' ಎನ್ನುತ್ತಾನೆ. ಪಿಪ್‌ಗೆ ನಾಚಿಕೆ. ಜೋಗೆ ಅದು ಗೊತ್ತಾಗುತ್ತದೆ, ಒಂದು ಕಟುಮಾತಿಲ್ಲದೆ ಹೊರಟುಬಿಡುತ್ತಾನೆ. ಊರಿನಿಂದ ಚೀಲ ಹೊತ್ತು ಬಂದ ದೊಡ್ಡಪ್ಪನನ್ನು ಗೆಳೆಯರ ಮುಂದೆ ಪರಿಚಯಿಸಲು ಹಿಂಜರಿದ ಕ್ಷಣಗಳು ನಗರದ ಎಷ್ಟೋ ಮನೆಗಳಲ್ಲಿ ಇವೆ, ಅವನ್ನು ಯಾರೂ ಹೇಳಿಕೊಳ್ಳುವುದಿಲ್ಲ. ಈ ಅಧ್ಯಾಯವನ್ನು ಕನ್ನಡದಲ್ಲಿ ಹೇಳಹೊರಟ ಹುಡುಗನಿಗೆ ತಟ್ಟನೆ ಒಂದು ತೊಡಕು ಎದುರಾಗುತ್ತದೆ: ಜೋ ಪಿಪ್‌ಗೆ ಇಲ್ಲಿ 'ನೀನು' ಎನ್ನುತ್ತಾನೋ 'ನೀವು' ಎನ್ನುತ್ತಾನೋ? ಅದನ್ನು ನಿರ್ಧರಿಸುವಷ್ಟರಲ್ಲಿ ಅವನಿಗೆ ಆ ದೃಶ್ಯದ ನೋವೂ ತಿಳಿಯುತ್ತದೆ, ಕನ್ನಡದ ಒಂದು ಸೂಕ್ಷ್ಮವೂ ತಿಳಿಯುತ್ತದೆ.

ಕನ್ನಡ ಬಾಗಿಲಿನಿಂದ ಒಳಗೆ

ಒಂಟಿಯಾಗಿ ಓದುವವರಿಗೆ ಇನ್ನೊಂದು ದಾರಿಯಿದೆ. ಈಗಾಗಲೇ ಓದಿ ಮೆಚ್ಚಿದ ಕನ್ನಡ ಕಾದಂಬರಿಯನ್ನೇ ಬಾಗಿಲು ಮಾಡಿಕೊಳ್ಳುವುದು. ಮುಂಬಯಿಯಲ್ಲೇ ಬಾಳಿದ ಯಶವಂತ ಚಿತ್ತಾಲರ 'ಶಿಕಾರಿ' (1979) ಹಿಡಿಸಿದವರಿಗೆ ಮುಂದಿನ ಪುಸ್ತಕ ಕಾಫ್ಕಾನ 'ದಿ ಟ್ರಯಲ್' (1925). ಅಲ್ಲಿ ಬಹುರಾಷ್ಟ್ರೀಯ ಕಂಪನಿಯ ಅಧಿಕಾರಿ ನಾಗಪ್ಪ ಕಾರಣ ಸರಿಯಾಗಿ ತಿಳಿಯದೆಯೇ ಅಮಾನತಾಗುತ್ತಾನೆ. ಇಲ್ಲಿ ಬ್ಯಾಂಕ್ ಅಧಿಕಾರಿ ಯೋಸೆಫ್ ಕೆ. ತನ್ನ ಮೂವತ್ತನೆಯ ಹುಟ್ಟುಹಬ್ಬದ ಬೆಳಗ್ಗೆ ಬಂಧಿತನಾಗುತ್ತಾನೆ, ಆರೋಪ ಏನೆಂದು ಕೊನೆವರೆಗೂ ತಿಳಿಯುವುದಿಲ್ಲ. ಕಾಫ್ಕಾ ಪ್ರಾಗ್‌ನ ಕಾರ್ಮಿಕರ ವಿಮಾ ಕಚೇರಿಯಲ್ಲಿ ದುಡಿದವನು, ಚಿತ್ತಾಲರು ರಾಸಾಯನಿಕ ಉದ್ಯಮದಲ್ಲಿ ಇದ್ದವರು. ಕಚೇರಿಯ ಭಯವನ್ನು ಇಬ್ಬರೂ ಒಳಗಿನಿಂದ ಬಲ್ಲರು.

ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಯ ಮೂರು ತಲೆಮಾರುಗಳ ಜತೆ ಬಾಳಿದವರು ಥಾಮಸ್ ಮಾನ್‌ನ 'ಬಡನ್‌ಬ್ರೂಕ್ಸ್' (1901) ಹಿಡಿಯಬಹುದು. ಅದು ಒಂದು ವ್ಯಾಪಾರಿ ಮನೆತನ ನಾಲ್ಕು ತಲೆಮಾರುಗಳಲ್ಲಿ ಕರಗುವ ಕತೆ. 'ಮಲೆಗಳಲ್ಲಿ ಮದುಮಗಳು' ಮುಗಿಸಿದವರಿಗೆ 'ಯುದ್ಧ ಮತ್ತು ಶಾಂತಿ'ಯ ಜನಸಂದಣಿ ಹೆದರಿಕೆ ಹುಟ್ಟಿಸುವುದಿಲ್ಲ. ಜಾಯ್ಸ್‌ನ 'ಯುಲಿಸಿಸ್', ಪ್ರೂಸ್ಟ್‌ನ ಏಳು ಸಂಪುಟಗಳು ಮಾತ್ರ ಲೋಕಲ್ ರೈಲಿನ ತುಂಡು ಓದಿಗೆ ಒಗ್ಗುವಂಥವಲ್ಲ. ಅವು ಪಟ್ಟಿಯಲ್ಲಿ ಮೇಲಿದ್ದರೂ ನಿವೃತ್ತಿಯ ನಂತರಕ್ಕೆ ಇರಲಿ.

ಎಲ್ಲಿ ಹುಡುಕಬೇಕು

ಹಳೆಯ ಕನ್ನಡ ಅನುವಾದಗಳು ಅಂಗಡಿಗಳಲ್ಲಿ ಸದಾ ಸಿಗುವುದಿಲ್ಲ. ಮೊದಲು ನಿಮ್ಮ ಕನ್ನಡ ಸಂಘದ ಕಪಾಟು ನೋಡಿ, ಬೀಗ ಹಾಕಿದ್ದರೆ ತೆಗೆಸಿ. ಬೆಂಗಳೂರಿನ ಪ್ರಕಾಶಕರಿಂದ ಅಂಚೆಯಲ್ಲಿ ತರಿಸಿಕೊಳ್ಳಬಹುದು. ಕೊಳ್ಳುವ ಮೊದಲು ಅದು ಪೂರ್ಣ ಅನುವಾದವೋ ಸಂಗ್ರಹವೋ ಎಂದು ಕೇಳಿ. ಇಂಗ್ಲಿಷ್ ಪ್ರತಿಗೆ ಖರ್ಚೇ ಬೇಡ. ಕಾನ್‌ಸ್ಟೆನ್ಸ್ ಗಾರ್ನೆಟ್ ಹಾಗೂ ಟಾಲ್‌ಸ್ಟಾಯ್‌ಯನ್ನು ಸ್ವತಃ ಬಲ್ಲ ಮಾಡ್ ದಂಪತಿಯ ಅನುವಾದಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿ ಇವೆ, ಮೊಬೈಲಿನಲ್ಲೇ ಓದಬಹುದು. ಮರಾಠಿ, ಇಂಗ್ಲಿಷ್ ಪ್ರತಿಗಳಿಗೆ ಕಲ್ಯಾಣದ ಸಾರ್ವಜನಿಕ ವಾಚನಾಲಯ (1864), ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ (1893), 1986ರಲ್ಲಿ ಆರಂಭವಾದ ಡೊಂಬಿವಲಿಯ ಪೈ ಫ್ರೆಂಡ್ಸ್ ಲೈಬ್ರರಿ ನಮ್ಮ ಕೈಯಳತೆಯಲ್ಲೇ ಇವೆ. 'ಯುದ್ಧ ಮತ್ತು ಶಾಂತಿ'ಯ ಮೊದಲ ಕಂತು ಮಾಸ್ಕೋದಲ್ಲಿ ಅಚ್ಚಾಗುವ ಹೊತ್ತಿಗೆ ಕಲ್ಯಾಣದಲ್ಲಿ ವಾಚನಾಲಯ ಬಾಗಿಲು ತೆರೆದಾಗಿತ್ತು.

ಸಂಘಗಳೂ ಇದರಲ್ಲಿ ಕೈಜೋಡಿಸಬಹುದು. ಭಾಷಣ, ಸನ್ಮಾನಗಳ ನಡುವೆ ಮೂರು ತಿಂಗಳಿಗೊಮ್ಮೆ ಒಂದು ತಾಸು ತೆಗೆದಿಟ್ಟು, ಕನ್ನಡದಲ್ಲಿ ಓದಿದ ಒಬ್ಬ ಹಿರಿಯರನ್ನೂ ಇಂಗ್ಲಿಷಿನಲ್ಲಿ ಓದಿದ ಒಬ್ಬ ಹುಡುಗಿಯನ್ನೂ ವೇದಿಕೆಯಲ್ಲಿ ಎದುರುಬದುರು ಕೂರಿಸಲಿ. ಮಾತು ಮಾತ್ರ ಕನ್ನಡದಲ್ಲಿ ನಡೆಯಲಿ, ತಡವರಿಸಿದರೆ ತಡವರಿಸಲಿ.

ಈ ಮಳೆಗಾಲಕ್ಕೆ 'ಹಮ್ಮು ಬಿಮ್ಮು', ದೀಪಾವಳಿಯ ತನಕ 'ಅಪರಾಧ ಮತ್ತು ಶಿಕ್ಷೆ', ಆಮೇಲೆ ನಾಲ್ಕು ತಿಂಗಳು 'ಅನ್ನಾ ಕರೆನಿನಾ' ಎಂದು ಒಂದು ಕ್ರಮ ಹಾಕಿಕೊಳ್ಳಿ. ಪ್ರತಿ ಪುಸ್ತಕಕ್ಕೂ ಎರಡು ಪ್ರತಿ ಇರಲಿ, ಒಂದು ಕನ್ನಡದ್ದು, ಇನ್ನೊಂದು ಮಕ್ಕಳು ಓದುವ ಭಾಷೆಯದು. ಯಾರು ಎಷ್ಟನೇ ಅಧ್ಯಾಯದಲ್ಲಿದ್ದಾರೆ ಎಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಹೋಗಿ. ಹಿಂದೆ ಬಿದ್ದವರಿಗೆ ಮುಂದಿನ ಕತೆ ಹೇಳಬಾರದು ಎಂಬ ಒಂದು ನಿಯಮ ಸಾಕು.